ಹನ್ನೊಂದು ನಿಮಿಷ

"ಇದೂ ಹನ್ನೊಂದೇ ನಿಮಿಷ ಹಿಂದೆ" ಎನ್ನುತ್ತ ಗಡಿಯಾರ ರಿಪೇರಿಯವನು ನಿನ್ನೆ ಬಂದಿಳಿದ ಗಿರಾಕಿಯ ವಾಚನ್ನು ಸರಿಮಾಡಿ ಕೊಟ್ಟ. ವಿಮಾನ ನಿಲ್ದಾಣದ ಹೊರಬಾಗಿಲ ಪಕ್ಕ ಅವನ ಗೂಡಿನಷ್ಟು ಅಂಗಡಿ. ಒಂದು ತಿಂಗಳಿಂದ ಇದೇ ಕಾಟ, ಅದೂ ಮಧ್ಯಾಹ್ನದ ಒಂದೇ ವಿಮಾನದ್ದು. ಅದು ಹೊರಡುವ ಊರಿಂದ ಇಲ್ಲಿಗೆ ಸಾವಿರದ ನೂರು ಕಿಲೋಮೀಟರು, ಒಂದು ಗಂಟೆ ಐವತ್ತು ನಿಮಿಷದ ಹಾದಿ. ವಿಮಾನ ಇಳಿಯುವುದೂ ಸರಿಯಾಗಿ ಆ ಹೊತ್ತಿಗೇ. ಒಳಗೆ ಕೂತವರ ವಾಚುಗಳಿಗೆ ಮಾತ್ರ ಒಂದು ಗಂಟೆ ಮೂವತ್ತೊಂಬತ್ತೇ ನಿಮಿಷ ಆಗಿರುತ್ತದೆ. ಮೊಬೈಲಾದರೋ ಇಳಿದ ಕೂಡಲೇ ತಾನೇ ಸರಿಹೋಗುತ್ತದೆ. ಹಾಗಿರುವಾಗ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ವಿಚಾರಣೆ ಕೌಂಟರಿನವಳಿಗೆ ಹೇಳಿದರೆ, ನಿಮಗೆ ವ್ಯಾಪಾರ ಆಗ್ತಿದೆಯಲ್ಲಣ್ಣ, ಸುಮ್ಮನಿರಿ ಎಂದು ನಕ್ಕುಬಿಟ್ಟಿದ್ದಳು.

ಈ ದಿನ ಅದೇ ಹಾಳು ವಿಮಾನದಲ್ಲಿ ಅವನ ಮಗಳು ಬರುವವಳಿದ್ದಳು. ತಾಯಿಯಿಲ್ಲದೆ ಅವನೇ ಸಾಕಿದ ಒಬ್ಬಳೇ ಮಗಳು. ವಾಚುಗಳ ವಿಷಯ ಹೇಳಿ, ರೈಲಿನಲ್ಲಿ ಬಾ ತಾಯಿ ಎಂದು ಅಂಗಲಾಚಿದ್ದ. ಮೂರು ದಿನದ ರಜೆಯನ್ನು ರೈಲಲ್ಲೇ ಕಳೀಲಾ ಎಂದವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಆ ಹನ್ನೊಂದು ನಿಮಿಷ ವಿಮಾನ ಎಲ್ಲಿರುತ್ತದೆ, ಒಳಗಿದ್ದವರಿಗೆ ಏನಾಗುತ್ತದೆ ಎಂದು ಯೋಚಿಸಿ ಯೋಚಿಸಿ ಬೆಳಗಿನಿಂದ ಅವನು ತಿಂಡಿಯನ್ನೂ ಮುಟ್ಟಿರಲಿಲ್ಲ.

ವಿಮಾನ ಇಳಿಯಿತು. ಎಲ್ಲರಿಗಿಂತ ಮೊದಲು ಹೊರಗೆ ಬಂದವಳು ಅವಳೇ. ಅದೇ ನೀಲಿ ಚೀಲ, ಅದೇ ದಾಪುಗಾಲು.

"ನೋಡಪ್ಪ, ಇಡಿಯಾಗೇ ಬಂದಿದ್ದೀನಿ" ಎಂದು ನಕ್ಕಳು.

ಅವನು ಅವಳ ಮಣಿಕಟ್ಟು ತಿರುಗಿಸಿ ನೋಡಿದ. ಎರಡೂವರೆ. ಅಂಗಡಿಯ ಗೋಡೆ ಗಡಿಯಾರದಲ್ಲೂ ಎರಡೂವರೆ. ಒಂದು ಸೆಕೆಂಡೂ ಹೆಚ್ಚುಕಮ್ಮಿ ಇಲ್ಲ. ಹೋದ ಜೀವ ಬಂದಂತಾಗಿ ಕಣ್ಣು ತುಂಬಿಕೊಂಡಿತು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಟೀ ತರಿಸಿ ಕುಡಿಸಿ, ಹೇಗೂ ಬಂದಿದ್ದೀಯ, ವಾಚಿಗೆ ಎಣ್ಣೆ ಬಿಟ್ಟುಕೊಡ್ತೀನಿ ಎಂದು ಬಿಚ್ಚಿಸಿಕೊಂಡ.

ಯಾವ ವಾಚನ್ನು ಬಿಚ್ಚಿದರೂ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಆ ದಿನದ ತಾರೀಖು ಗೀರಿಡುವುದು ಅವನ ಪದ್ಧತಿ. ಮಗಳ ವಾಚಿನಲ್ಲಿ ಅಂಥ ಏಳು ತಾರೀಖುಗಳಿದ್ದವು. ಮೊದಲನೆಯದು ಅವಳ ಹತ್ತನೇ ಹುಟ್ಟುಹಬ್ಬದ್ದು. ಎಂಟನೆಯದನ್ನು ಬರೆಯಲು ಸೂಜಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದ.

ಫೋನು ಬಡಿದುಕೊಂಡಿತು. ಗೋಡೆಯಲ್ಲಿ ಎರಡು ನಲವತ್ತೊಂದು. ನೋಡಿದರೆ, ಮಗಳ ನಂಬರು.

"ಅಪ್ಪಾ, ಈಗ ಹೊರಗೆ ಬರ್ತಾ ಇದ್ದೀನಿ. ನೀನು ಹೇಳಿದ್ದು ನಿಜ ಕಣಪ್ಪ, ನನ್ನ ವಾಚು ಹನ್ನೊಂದು ನಿಮಿಷ ಹಿಂದಿದೆ."

ಅವನು ತಲೆ ಎತ್ತಲಿಲ್ಲ, ಎತ್ತುವ ಧೈರ್ಯವಾಗಲಿಲ್ಲ. ಅಂಗೈಯಲ್ಲಿದ್ದ ಮುಚ್ಚಳದ ಒಳಮೈ ಫಳಫಳ ಹೊಳೆಯುತ್ತಿತ್ತು. ಒಂದು ಗೀರೂ ಇರಲಿಲ್ಲ.

ಸ್ಟೂಲಿನ ಮೇಲೆ ಕೂತವಳು ಬಗ್ಗಿ ಅವನ ಹೆಗಲ ಮೇಲೆ ಕೈಯಿಟ್ಟಳು.

"ಯಾರಪ್ಪ ಫೋನಲ್ಲಿ?"