ಸೋರುವುದು ನಿಂತ ಕಿವಿ

ಕಿವಿಯ ಹಿಂದೆ ಅರ್ಧ ತಲೆ ಬೋಳಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಪಾಪಣ್ಣ ಮಗಳ ಕೈ ಹಿಡಿದು ಎದ್ದು ನಿಂತ. ಮೂಳೆ ಕೊರೆಯಬೇಕು ಎಂದಾಗ ಆ ಮನುಷ್ಯ ಅಲ್ಲಾಡಿರಲಿಲ್ಲ. ಮೂಳೆ ಯಾರಿಗೂ ಕಾಣುವುದಿಲ್ಲ, ಕೂದಲು ಮೊಳಕಾಲ್ಮೂರಿನ ನೇಕಾರರ ಕೇರಿಗೆಲ್ಲ ಕಾಣುತ್ತದೆ. ಹತ್ತು ವರ್ಷದ ಚಿತ್ತಮ್ಮನಿಗೆ ಚಳ್ಳಕೆರೆಯಲ್ಲಿ ಗಂಡು ಗೊತ್ತಾಗಿತ್ತು. ಬರುವ ವಾರವೇ ಹೂ ಮುಡಿಸುವ ಶಾಸ್ತ್ರ. ಬೋಳು ತಲೆಗೆ ಹೂ ಮುಡಿಸುವುದಾದರೂ ಎಲ್ಲಿಗೆ?

“ಕೂತ್ಕೋ ಪಾಪಣ್ಣ,” ಎಂದರು ಡಾಕ್ಟರು ಹಾಲೇಶಪ್ಪ. “ಇದು ಬರೀ ಸೋರೋ ಕಿವಿ ಅಲ್ಲ. ಚಿಕ್ಕಂದಿನಿಂದ ಕೀವು ಸೋರಿ ಸೋರಿ ಕಿವಿ ತಮಟೆ ತೂತಾಗೈತೆ. ಹೊರಗಿನ ಚರ್ಮ ಆ ತೂತಿನಾಗೆ ನುಗ್ಗಿ ಒಳಗೆ ಬೆಳೀತಾ ಐತೆ. ಈರುಳ್ಳಿ ಇದ್ದಂಗೆ, ಪದರದ ಮೇಲೆ ಪದರ, ಬೆಳ್ಳನೆ ಗಂಟು. ಅದು ಸುಮ್ನೆ ಕೂರಾದಲ್ಲ, ಮೂಳೆ ತಿಂತೈತೆ. ಮೂಳೆ ಆದ್ಮೇಲೆ ಮಿದುಳು.”

“ಎಣ್ಣೆ ಕಾಸಿ ಬಿಟ್ರೆ ಹೋಗಲ್ವಾ ಸ್ವಾಮಿ?”

“ನೀನು ಇಷ್ಟು ವರ್ಷ ಬಿಟ್ಟ ಎಣ್ಣೆ ಸಾಕು. ನಾಳೆನೇ ಬಂಡಿ ಕಟ್ಟು, ಬಳ್ಳಾರಿ ಆಸ್ಪತ್ರೆಗೆ ನಾನೂ ಬರ್ತೀನಿ. ಅಲ್ಲಿರೋ ಬಿಳೀ ಡಾಕ್ಟರು ದೊರೆಗೆ ಈ ಕೆಲಸ ಗೊತ್ತು. ಹುಡುಗಿಗೆ ಮತ್ತು ಬರ್ಸಿ, ಕಿವಿ ಹಿಂದಿನ ಮೂಳೆ ಬಿಡಿಸಿ, ಗಂಟು ಪೂರ್ತಿ ಕೆರೆದು ತೆಗೀತಾನೆ. ಆ ಕಿವಿ ಕೇಳದೆ ಹೋಗಬಹುದು. ಆದ್ರೆ ಹುಡುಗಿ ಉಳೀತಾಳೆ.”

ಚಿತ್ತಮ್ಮ ಅಪ್ಪನ ಪಂಚೆ ಜಗ್ಗಿದಳು. “ಕೂದ್ಲು ಮತ್ತೆ ಬೆಳೀತಾವಲ್ಲ ನಾಯ್ನಾ?”

“ಬಾಯ್ಮುಚ್ಚು!” ಎಂದ ಪಾಪಣ್ಣ. ಆ ಮನೆಯವರಲ್ಲಿ ಬುದ್ಧಿಯ ಮಾತಾಡಿದವಳು ಅವಳೊಬ್ಬಳೇ, ಬೈಸಿಕೊಂಡವಳೂ ಅವಳೇ. “ಹೆಣ್ಣು ಮಗು ಸ್ವಾಮಿ. ಬೋಳು ತಲೆ ಹೆಣ್ಣು ಎದುರಿಗೆ ಬಂದ್ರೆನೇ ಅಪಶಕುನ ಅಂತಾರೆ, ಬೀಗರು ಒಪ್ತಾರಾ? ಮದುವೆ ಒಂದು ಆಗ್ಲಿ. ಆಮೇಲೆ ನೀವು ಹೇಳ್ದಂಗೆ.”

“ರೋಗ ನಿನ್ನ ಮದುವೆಗೆ ಕಾಯ್ತದೇನಯ್ಯಾ?” ಎಂದು ಡಾಕ್ಟರು ಕೂಗುವಷ್ಟರಲ್ಲಿ ಅಪ್ಪ ಮಗಳು ಬೀದಿಯಲ್ಲಿದ್ದರು.

ಮನೆಯಲ್ಲಿ ಎಲ್ಲರ ಚಿಂತೆ ರೋಗದ್ದಲ್ಲ, ಕೀವಿನ ವಾಸನೆಯದು. ಗಂಡಿನ ತಾಯಿ ಕಾಟಮ್ಮ ಹುಡುಗಿಯ ಪಕ್ಕದಲ್ಲೇ ಕೂತು ಹೂ ಮುಡಿಸುವವಳು. ಆ ನಾತ ಅವಳ ಮೂಗಿಗೆ ಬಡಿದರೆ ಸಂಬಂಧ ಅಲ್ಲಿಗೇ ಮುರಿಯಿತು. ಪಾಪಣ್ಣನ ಹೆಂಡತಿ ತಿಪ್ಪಮ್ಮ ಮಗ್ಗದ ಕೆಳಗೆ ಬಿದ್ದಿದ್ದ ರೇಷ್ಮೆ ನೂಲಿನ ತುಂಡುಗಳನ್ನು ಉಂಡೆ ಮಾಡಿ, ಪೇಟೆಯಿಂದ ತಂದ ಅತ್ತರಿನಲ್ಲಿ ಅದ್ದಿ, ಮಗಳ ಕಿವಿಗೆ ಒತ್ತಿ ತುಂಬಿದಳು. ಹುಡುಗಿ ನೋವು ತಾಳದೆ ಅತ್ತಳು. ಮದುವೆ ಹೆಣ್ಣು ಅಳಬೇಕಾದದ್ದೇ ಎಂದು ನೆರೆಯವರು ನಕ್ಕರು. ಶಾಸ್ತ್ರ ಚೆನ್ನಾಗಿಯೇ ನಡೆಯಿತು. ಮಾರನೆಯ ದಿನ ಉಂಡೆ ತೆಗೆದು ನೋಡಿದರೆ ಕಿವಿ ಒಣಗಿತ್ತು, ಒಂದು ಹನಿ ಕೀವಿಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಿ ದೇವರಿಗೆ ಕಾಯಿ ಒಡೆಸಿಕೊಂಡು ಬಂದರು.

ಪೇಟೆಯಲ್ಲಿ ಡಾಕ್ಟರು ಎದುರಾದಾಗ ಪಾಪಣ್ಣ ಹಿಗ್ಗಿ ಹೇಳಿದ: “ನಿಮ್ಮ ಚಾಕು ಬ್ಯಾಡಾತು ಸ್ವಾಮಿ. ನಮ್ಮ ರೇಷ್ಮೆಯಿಂದ್ಲೇ ಸೋರೋದು ನಿಂತೈತೆ.”

ಹಾಲೇಶಪ್ಪನವರ ಮುಖ ಕಪ್ಪಿಟ್ಟಿತು. “ನಿಂತಿಲ್ಲ ಕಣಯ್ಯಾ, ಒಳಗೆ ತಿರುಗೈತೆ. ತಲೆನೋವು ಅಂತಾಳಾ? ವಾಂತಿ?”

“ಮದುವೆ ಹುಡುಗಿ ಅಲ್ವಾ, ನಾಚ್ಕೊಂಡು ಮಲಗಿರ್ತಾಳೆ.”

ಡಾಕ್ಟರು ಅಲ್ಲಿಂದ ನೇರವಾಗಿ ಅವನ ಮನೆಗೆ ಓಡಿದರು. ಹುಡುಗಿಯ ಮೈ ಸುಡುತ್ತಿತ್ತು. ಕತ್ತು ಬಗ್ಗುತ್ತಿರಲಿಲ್ಲ, ಬಾಯಿ ಒಂದು ಪಕ್ಕಕ್ಕೆ ವಾಲಿತ್ತು. ಅದನ್ನು ನೋಡಿದ ಪಾಪಣ್ಣ, ತಲೆ ಪೂರ್ತಿ ಬೋಳಿಸಿರಿ, ಏನು ಬೇಕಾದರೂ ಮಾಡಿರಿ ಎಂದು ಡಾಕ್ಟರ ಕಾಲು ಹಿಡಿದ. ಬಂಡಿ ಕಟ್ಟಿದರು. ಅದು ರಾಂಪುರದವರೆಗೆ ಹೋಯಿತು, ಅಲ್ಲಿಂದ ಹೆಣ ಹೊತ್ತು ಹಿಂದಕ್ಕೆ ಬಂತು. ಕೇರಿಯವರು ಹಣೆಬರಹ ಎಂದರು. ಕಿವಿಗೆ ರೇಷ್ಮೆ ತುರುಕಿದ್ದು ಹಣೆಬರಹವಂತೆ! ತಿಪ್ಪಮ್ಮ ಮಾತ್ರ ಹಾಗೆನ್ನಲಿಲ್ಲ. ಅವಳು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ ಕೂತಿರುತ್ತಿದ್ದಳು.

ತಿಥಿ ಕಳೆದ ಮೇಲೆ ಕಾಟಮ್ಮ ಚಳ್ಳಕೆರೆಯಿಂದ ಮಾತಾಡಿಸಲು ಬಂದಳು. ತಿಪ್ಪಮ್ಮನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಆ ಅಳು ಸುಳ್ಳೇನಲ್ಲ. ಕಣ್ಣೊರೆಸಿಕೊಂಡ ಮೇಲೆ, ಬಾಗಿಲ ಬಳಿ ನಿಂತಿದ್ದ ಚಿತ್ತಮ್ಮನ ತಂಗಿಯನ್ನು ಹತ್ತಿರ ಕರೆದು ತೊಡೆಯ ಮೇಲೆ ಕೂರಿಸಿಕೊಂಡಳು. ತಲೆ ಸವರಿದಳು. ಸವರುತ್ತಲೇ ಬಗ್ಗಿ, ಮಗುವಿನ ಎಡಗಿವಿಯನ್ನು ಮೂಸಿ ನೋಡಿದಳು. ಆಮೇಲೆ ಬಲಗಿವಿಯನ್ನು.

ತಿಪ್ಪಮ್ಮ ದಿಗ್ಗನೆ ಎದ್ದು ನಿಂತಳು. ಪಾಪಣ್ಣ ಕಾಟಮ್ಮನ ಮುಖವನ್ನೇ ನೋಡುತ್ತಿದ್ದ. ಕಾಟಮ್ಮ, ಆಗಬಹುದು ಎನ್ನುವಂತೆ, ನಿಧಾನವಾಗಿ ತಲೆಯಾಡಿಸಿದಳು.

“ಏನ್ ನೋಡ್ತಾ ನಿಂತೆ?” ಎಂದ ಪಾಪಣ್ಣ ಹೆಂಡತಿಗೆ. “ಬೀಗಿತ್ತಿಗೆ ಕುಡಿಯಾಕೆ ನೀರು ಕೊಡು.”