ಕೆಂಗಲ್ಲಿನ ಸಿಂಧೂರ

ಕುಡಿತ ಬಿಡುವವರ ಸಭೆ ಇದೇನಾ ಎಂದು ಕೇಳಲು ಬಾಯಿ ಬಾರದೆ, ಬಾಲರಾಜು ರಾಮನಗರದ ಆ ಶಾಲಾ ಕೊಠಡಿಯ ಬಾಗಿಲಲ್ಲೇ ನಿಂತ. ಗುರುತಿನವರು ಯಾರೂ ಕಾಣಬಾರದೆಂದೇ ಮಾಗಡಿಯಿಂದ ಬಸ್ಸು ಹತ್ತಿದ್ದ. ಮನೆಯಲ್ಲಿ ರಾಮನಗರದ ಹತ್ತಿರದ ಕೆಂಗಲ್ ಆಂಜನೇಯನ ದರ್ಶನಕ್ಕೆಂದು ಹೇಳಿದ್ದ.

ಒಳಗೆ ಟೀ ಹಂಚುತ್ತಿದ್ದವನು ತಿರುಗಿದ. ಪಕ್ಕದ ಮನೆಯ ಪುಟ್ಟಲಿಂಗಯ್ಯ! ಶನಿವಾರ ತಪ್ಪದೆ ಕೆಂಗಲ್ಲಿಗೆ ಹೋಗಿ, ಹಣೆಗೆ ಸಿಂಧೂರ ಇಟ್ಟುಕೊಂಡು ಬರುವ ಭಕ್ತ. "ಅವ್ರುನ್ನ ನೋಡಿ ಒಸಿ ಕಲ್ತ್ಕೊಳ್ಳಿ" ಎಂದು ಬಾಲರಾಜುವಿನ ಹೆಂಡತಿ ಹಂಗಿಸುತ್ತಿದ್ದುದು ಇವನನ್ನೇ ತೋರಿಸಿ.

ಬಾಲರಾಜು ಓಡಲು ತಿರುಗಿದ. "ಎಲ್ಲಿಗ್ಲಾ?" ಎನ್ನುತ್ತಾ ಪುಟ್ಟಲಿಂಗಯ್ಯ ಅವನ ಕೈಗೆ ಲೋಟ ಕೊಟ್ಟ. ಕೈ ನಡುಗಿ ಟೀ ತುಳುಕಿತು. ಪುಟ್ಟಲಿಂಗಯ್ಯ ಆ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಲೋಟ ಹಿಡಿದುಕೊಂಡ. "ನಂದೂ ಹಿಂಗೇ ನಡುಗ್ತಿತ್ತು ಕಣ್ಲಾ. ಬಾ, ಕುಂತ್ಕೊ. ಮುಗುದ್ಮೇಲೆ ಇಬ್ರೂ ಕೆಂಗಲ್ಗೋಗಿ ಸಿಂಧೂರ ಇಟ್ಕೊಂಡೇ ಮನೆಗೋಗಣ."

ಬಾಲರಾಜು ಚಪ್ಪಲಿ ಬಿಟ್ಟ.