ಗಿಡ್ಡ್ಯಾ ಹೊಕ್ಕ ಬಿಲ

ಹಸಿ ಕರಿಮಣ್ಣಿನ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ನಾಯಿಯ ಬೆನ್ನು ಹುಡುಕುತ್ತದೆ.

ದೋರನಹಳ್ಳಿಗೆ ಕಾಲುವೆ ಬಂದ ಹೊಸತು. ಕಾಲುವೆ ಕ್ಯಾಂಪಿನ ಸಾಹೇಬರು ವರ್ಗವಾಗಿ ಹೋಗುವಾಗ ತಮ್ಮ ಪುಟ್ಟ ಟೆರಿಯರ್ ನಾಯಿಯನ್ನು ನನಗೆ ಕೊಟ್ಟಿದ್ದರು. ಇದರ ಮುತ್ತಜ್ಜಂದಿರು ಇಂಗ್ಲೆಂಡಿನಲ್ಲಿ ಬಿಲಕ್ಕೆ ನುಗ್ಗಿ ಇಲಿ ಹಿಡಿಯುತ್ತಿದ್ದರಂತೆ! ಅಜ್ಜ ಮಾತ್ರ ನಕ್ಕಿದ್ದ.

"ಇದು ನಾಯಿ ಏನಲೇ? ಇಣಚಿ ಅದ!"

ಅಳಿಲಿನಷ್ಟಿದ್ದ ಅದಕ್ಕೆ ಗಿಡ್ಡ್ಯಾ ಅಂತ ಹೆಸರಿಟ್ಟವನೂ ಅವನೇ.

ಅಂದು ಮಧ್ಯಾಹ್ನ ನಮ್ಮ ಭತ್ತದ ಗದ್ದೆಗೆ ನೀರಿನ ಪಾಳಿ. ಎಂಟು ದಿನಕ್ಕೊಮ್ಮೆ ಬರುವ ಪಾಳಿ. ಅಜ್ಜ ಬದುವಿನ ಇಲಿಬಿಲಗಳಿಗೆಲ್ಲ ಮಣ್ಣು ಮೆತ್ತಿ ಮುಚ್ಚಿ, ನೀರು ಬಿಟ್ಟ. ಆಗ ಬದುವಿನೊಳಗಿಂದ ಬೊಗಳುವ ಸದ್ದು ಕೇಳಿತು.

"ಅಜ್ಜಾ, ಗಿಡ್ಡ್ಯಾ ಒಳಗ ಅದಾನ!" ನಾನು ಅಳತೊಡಗಿದೆ.

ಪಕ್ಕದ ಹೊಲದ ಕಾಕಾ ಕೂಗಿದ: "ಬದು ಒಡೀಬ್ಯಾಡ್ರಿ ಯಜಮಾನ್ರ, ನೀರೆಲ್ಲ ಹಳ್ಳ ಸೇರ್ತದ!"

ಗಿಡ್ಡ್ಯಾನಿಗೆ ತಾಗೀತೆಂದು ಅಜ್ಜ ಕೈಲಿದ್ದ ಸಲಿಕೆ ಬಿಸಾಕಿ, ಬರಿಗೈಯಿಂದಲೇ ಬದು ಬಗೆದ. ಮೊದಲು ಕೆಸರಾದ ಬಾಲ, ಆಮೇಲೆ ಇಡೀ ಗಿಡ್ಡ್ಯಾ. ಬಾಯಲ್ಲಿ ತನ್ನಷ್ಟೇ ದೊಡ್ಡ ಹೆಗ್ಗಣ! ಎಷ್ಟು ಎಳೆದರೂ ಬಿಡಲಿಲ್ಲ.

ಒಡೆದ ಬದುವಿನಿಂದ ನೀರು ಹಳ್ಳಕ್ಕೆ ಓಡುತ್ತಿತ್ತು. ಅಜ್ಜ ತಿರುಗಿಯೂ ನೋಡಲಿಲ್ಲ. ತನ್ನ ರುಮಾಲು ಬಿಚ್ಚಿ ಗಿಡ್ಡ್ಯಾನ ಕಿವಿ ಒರೆಸುತ್ತ ಕೂತ.

"ನೀರು ಮುಂದಿನ ಪಾಳಿಗೂ ಬರ್ತದ, ಬಿಡಲೇ," ಅಂದ.